ಒಂದೇ ಆಟ, ಮೂರು ಬಗೆಯ ಕಾಯಿಗಳು

ಯಾವ ಆಟಕ್ಕೂ ಒಗ್ಗುವ ಸಾಮಾನ್ಯ ಕಾಯಿಗಳಿಗೆಂದು ಹೊಸ ಆಟ ಕಟ್ಟುವವರಿಗೆ ಮೊದಲು ಎದುರಾಗುವ ಪ್ರಶ್ನೆ, ಯಾವ ಕಾಯಿಗಳನ್ನು ಆರಿಸಿಕೊಳ್ಳಬೇಕೆಂಬುದು. ಮುಚ್ಚಿಟ್ಟ ನಿಧಿಯನ್ನು ಇಬ್ಬರು ಹುಡುಕುವ ಒಂದೇ ಆಟವನ್ನು ನಾನು ಇಸ್ಪೀಟು, ಪೀಸ್‌ಪ್ಯಾಕ್ (ಬಿಲ್ಲೆ, ನಾಣ್ಯ, ದಾಳಗಳ ಒಂದು ಕಟ್ಟು) ಮತ್ತು ಲೂನಿ ಪಿರಮಿಡ್ (ಒಳಗೆ ಟೊಳ್ಳಾದ ಪುಟ್ಟ ಪ್ಲಾಸ್ಟಿಕ್ ಪಿರಮಿಡ್‌ಗಳು) ಈ ಮೂರರಲ್ಲೂ ಕಟ್ಟಿ, ಪ್ರತಿಯೊಂದರ ನಿಯಮದ ಹಾಳೆಯನ್ನು ಆ ಆಟ ಗೊತ್ತಿಲ್ಲದವರ ಕೈಗೆ ಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ಕುಳಿತು ಗಮನಿಸಿದೆ.

ಇಸ್ಪೀಟಿನ 52 ಎಲೆಗಳಲ್ಲಿ ಎಕ್ಕದಿಂದ ಒಂಬತ್ತರವರೆಗಿನ 36 ಎಲೆಗಳನ್ನು ಆರು ಸಾಲುಗಳಲ್ಲಿ ಮಗುಚಿ ಹರಡಿದೆ. ಎಲೆ ಚೌಕವಲ್ಲದ್ದರಿಂದ ಆಟದ ನೆಲ ಒಂದು ದಿಕ್ಕಿಗೆ ಉದ್ದವಾಯಿತು, ಕೈ ತಗುಲಿದಾಗಲೆಲ್ಲ ಸಾಲು ಕದಲಿತು, ನಡೆಸಲು ಕಾಯಿಗಳಿಲ್ಲದೆ ಅಂಗಿಯ ಗುಂಡಿಗಳನ್ನು ತರಬೇಕಾಯಿತು. ಆದರೂ ಆಡುವವರು ಐದೇ ನಿಮಿಷದಲ್ಲಿ ಆಟಕ್ಕಿಳಿದರು. ರಂಗು, ತುರುಫು ಎಂದರೇನೆಂದು ಅವರಿಗೆ ವಿವರಿಸುವ ಅಗತ್ಯವೇ ಇರಲಿಲ್ಲ.

ಕಟ್ಟುವವರಿಗೆ ಹೆಚ್ಚು ಸಂತೋಷ ಕೊಡುವುದು ಪೀಸ್‌ಪ್ಯಾಕ್ ಎಂಬುದು ನನ್ನ ಖಚಿತ ಅಭಿಪ್ರಾಯ. ಜೇಮ್ಸ್ ಕೈಲ್ 2000ರಲ್ಲಿ ರೂಪಿಸಿ ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟ ಈ ಕಟ್ಟಿನಲ್ಲಿ 24 ಚೌಕ ಬಿಲ್ಲೆ, 24 ನಾಣ್ಯ, ನಾಲ್ಕು ದಾಳ ಮತ್ತು ನಾಲ್ಕು ಕಾಯಿಗಳಿವೆ. ಸೂರ್ಯ, ಚಂದ್ರ, ಕಿರೀಟ, ಲಾಂಛನ ಎಂಬ ನಾಲ್ಕು ಗುರುತುಗಳಿಗೆ ತಲಾ ಆರು ಬೆಲೆಗಳಿರುವುದರಿಂದ ಪ್ರತಿ ಬಿಲ್ಲೆಗೂ ಹೊಂದುವ ಒಂದು ನಾಣ್ಯವಿರುತ್ತದೆ. ಬಿಲ್ಲೆಯ ಹಿಂಬದಿ ನಾಲ್ಕು ಮನೆಗಳಾಗಿ ವಿಂಗಡವಾಗಿರುವುದರಿಂದ 16 ಬಿಲ್ಲೆಗಳನ್ನು ಜೋಡಿಸಿದರೆ 64 ಮನೆಗಳ ಹಾಸು ಸಿದ್ಧವಾಗುತ್ತದೆ. ನನ್ನ ಆಟಕ್ಕೆ ಜೀವ ತುಂಬಿದ್ದು ನಾಣ್ಯ: ಅದರ ಒಂದು ಮುಖದಲ್ಲಿ ಗುರುತು, ಇನ್ನೊಂದರಲ್ಲಿ ಬೆಲೆ ಇರುವುದರಿಂದ, ಗುರುತು ಮೇಲಾಗಿಟ್ಟಾಗ ನಿಧಿ ಯಾವ ಬಗೆಯದೆಂದು ಇಬ್ಬರಿಗೂ ಕಾಣುತ್ತದೆ, ಎಷ್ಟು ಬೆಲೆಯದೆಂದು ಯಾರಿಗೂ ಕಾಣುವುದಿಲ್ಲ. ಇಸ್ಪೀಟಿನ ಎಲೆ ಮುಚ್ಚಿದರೆ ಎಲ್ಲವೂ ಮರೆಯಾಗುತ್ತದೆ. ಅರ್ಧ ತಿಳಿದು ಅರ್ಧ ಊಹಿಸುವ ಈ ಸೊಗಸು ಅಲ್ಲಿ ಸಿಗದು.

ಪಿರಮಿಡ್‌ಗಳು ಮೂರು ಅಳತೆಗಳಲ್ಲಿ, ಹಲವು ಬಣ್ಣಗಳಲ್ಲಿ ಬರುತ್ತವೆ. ಅವುಗಳನ್ನು ಒಂದರ ಮೇಲೊಂದು ಪೇರಿಸಬಹುದು, ಮಲಗಿಸಿ ತುದಿಯಿಂದ ದಿಕ್ಕು ತೋರಿಸಬಹುದು, ಚಿಕ್ಕದರ ಮೇಲೆ ದೊಡ್ಡದನ್ನು ಕವುಚಬಹುದು. ನಿಧಿ ಅಡಗಿಸಲು ಆ ಕೊನೆಯ ಗುಣವನ್ನೇ ನೆಚ್ಚಿಕೊಂಡಿದ್ದೆ, ಆದರೆ ನನ್ನ ಬಳಿಯಿದ್ದವು ಬೆಳಕು ಹಾಯುವಂಥವಾದ್ದರಿಂದ ಒಳಗಿನ ಬಣ್ಣ ಹೊರಗೇ ತೋರಿಬಿಟ್ಟಿತು. ದಿಕ್ಕು ಮತ್ತು ಗಾತ್ರವೇ ಮುಖ್ಯವಾದ ಆಟಕ್ಕೆ ಇವು ಅತ್ಯುತ್ತಮ. ಅಡಗಿಸುವ ಆಟಕ್ಕೆ ಅಲ್ಲ.

ಹಂಚಿಕೊಳ್ಳುವ ದೃಷ್ಟಿಯಿಂದ ನೋಡಿದರೆ ಇಸ್ಪೀಟನ್ನು ಮೀರಿಸುವುದು ಕಷ್ಟ, ಏಕೆಂದರೆ ಓದುಗರ ಬಳಿ ಅದು ಈಗಾಗಲೇ ಇರುವ ಸಂಭವ ಹೆಚ್ಚು. ಪಿರಮಿಡ್ ಆಟವಾದರೆ ಯಾವ ಬಣ್ಣದವು ಎಷ್ಟು ಬೇಕೆಂಬ ಲೆಕ್ಕ ಓದುವಾಗಲೇ ಕೆಲವರು ಹಾಳೆಯನ್ನು ಕೆಳಗಿಡುತ್ತಾರೆ. ಪೀಸ್‌ಪ್ಯಾಕನ್ನು ರಟ್ಟಿನಲ್ಲಿ ಕತ್ತರಿಸಿಯೇ ಮಾಡಿಕೊಳ್ಳಬಹುದಾದ್ದರಿಂದ ನಾನು ಅದನ್ನೇ ಆಯ್ದು, ಬೇಕಾದ ಕಾಯಿಗಳ ಎಣಿಕೆಯನ್ನು ನಿಯಮಗಳಿಗಿಂತ ಮೊದಲು ಬರೆದೆ. ಮೊದಲ ಹಾಳೆಯಲ್ಲಿದ್ದ ‘ಪಕ್ಕದ ಮನೆ’ ಎಂಬ ಮಾತನ್ನು ಒಬ್ಬರು ಓರೆಯಾಗಿಯೂ, ಇನ್ನೊಬ್ಬರು ನೇರವಾಗಿ ಮಾತ್ರವೂ ಅರ್ಥೈಸಿ ಆಟ ನಿಂತುಹೋಗಿತ್ತು. ಈಗ ಅಲ್ಲಿ ‘ಅಂಚು ತಾಗುವ ಮನೆ’ ಎಂದಿದೆ, ಕೆಳಗೊಂದು ಚಿತ್ರವೂ ಇದೆ.