ನೂರು ಕೋಟಿಯ ನೋಟು ನಾಲ್ಕು ಯೂರೋಗೆ: ಹ್ಯಾನೋವರ್‌ನ ಒಂದು ಹಳೆ ನೋಟಿನಂಗಡಿ

ಹ್ಯಾನೋವರ್ ನಗರದ ಮುಖ್ಯ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಬೀದಿಯಲ್ಲಿ, ಹೊಲಿಗೆ ಯಂತ್ರ ರಿಪೇರಿ ಮಾಡುವವರ ಪಕ್ಕದಲ್ಲಿ, ಹಳೆಯ ನಾಣ್ಯ ಮತ್ತು ನೋಟುಗಳನ್ನು ಮಾರುವ ಚಿಕ್ಕ ಅಂಗಡಿಯೊಂದಿದೆ. ಕಳೆದ ಎರಡು ವರ್ಷಗಳಿಂದ ನಾನೂ ನನ್ನ ಇಬ್ಬರು ಮಕ್ಕಳೂ ತಿಂಗಳಿಗೊಮ್ಮೆಯಾದರೂ ಶನಿವಾರದ ಬೆಳಿಗ್ಗೆ ಅಲ್ಲಿಗೆ ಹೋಗಿಬರುತ್ತಿದ್ದೇವೆ. ಹೊಗಳಿಕೆಯ ಜೊತೆಗೆ ಎರಡು ಗಟ್ಟಿ ದೂರುಗಳನ್ನೂ ಹೇಳಬೇಕಾಗಿರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಆದರೂ ಜರ್ಮನಿಯಲ್ಲಿರುವ ಕನ್ನಡಿಗರಿಗೆ ಈ ಬರಹ ಉಪಯೋಗಕ್ಕೆ ಬಂದೀತು, ಏಕೆಂದರೆ ಇಂಥ ಅಂಗಡಿಗಳು ಇಲ್ಲಿನ ದೊಡ್ಡ ಊರುಗಳಲ್ಲಿ ಇನ್ನೂ ಉಳಿದಿವೆ ಮತ್ತು ಅವುಗಳ ಗುಣದೋಷಗಳು ಹೆಚ್ಚುಕಡಿಮೆ ಒಂದೇ ಬಗೆಯವು.

ನಾವು ಅಲ್ಲಿ ಕೊಳ್ಳುವುದು ಜರ್ಮನರು ನೋಟ್‌ಗೆಲ್ಟ್ ಎನ್ನುವ ಹಣವನ್ನು. ಹೆಸರು ಕೇಳಿದ ಕೂಡಲೇ ಕನ್ನಡದ ಕಿವಿ ಮೋಸ ಹೋಗುತ್ತದೆ. ಇಲ್ಲಿನ ‘ನೋಟ್’ ನಮ್ಮ ಕೈಯಲ್ಲಿರುವ ನೋಟಲ್ಲ. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಕಷ್ಟ, ತುರ್ತು, ಇಲ್ಲದಿರುವಿಕೆ ಎಂಬ ಅರ್ಥಗಳಿವೆ. 1914ರಲ್ಲಿ ಯುದ್ಧ ಶುರುವಾದಾಗ ಜನರು ಬೆಳ್ಳಿಯ ನಾಣ್ಯಗಳನ್ನು ಮನೆಯಲ್ಲಿ ಬಚ್ಚಿಟ್ಟರು, ತಾಮ್ರ ಮತ್ತು ನಿಕ್ಕಲ್ ಲೋಹಗಳು ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋದವು, ಪೇಟೆಯಲ್ಲಿ ಚಿಲ್ಲರೆಯೇ ಇಲ್ಲವಾಯಿತು. ಆಗ ನಗರಸಭೆಗಳು, ಉಳಿತಾಯ ಬ್ಯಾಂಕುಗಳು, ಗಣಿಗಳು, ಕಾರ್ಖಾನೆಗಳು ತಮ್ಮ ತಮ್ಮ ಊರಿನ ಮಟ್ಟಿಗೆ ಚಲಾವಣೆಯಾಗುವಂತೆ ಹತ್ತು, ಇಪ್ಪತ್ತೈದು, ಐವತ್ತು ಫೆನ್ನಿಗ್‌ಗಳ (ಅಂದಿನ ಜರ್ಮನ್ ಹಣವಾದ ಮಾರ್ಕಿನ ನೂರನೇ ಒಂದು ಭಾಗವೇ ಫೆನ್ನಿಗ್) ಕಾಗದದ ಚೀಟಿಗಳನ್ನು ಅಚ್ಚು ಹಾಕಿಸಿದವು. ಬಸ್ಸಿನ ಕಂಡಕ್ಟರು ಚಿಲ್ಲರೆಯಿಲ್ಲವೆಂದು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟದ್ದನ್ನು ಕೊನೆಯ ಸ್ಟಾಪಿನವರೆಗೂ ಮುಷ್ಟಿಯಲ್ಲಿ ಹಿಡಿದು ಕುಳಿತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ಬರಹಕ್ಕೆ ಆ ಬಸ್ಸಿನೊಳಗೆ ಬೆಲೆಯಿದೆ, ಇಳಿದ ಮೇಲೆ ಇಲ್ಲ. ಈ ಚೀಟಿಗಳ ಪಾಡೂ ಪಕ್ಕದ ಊರಿನಲ್ಲಿ ಅಷ್ಟೇ ಆಗಿತ್ತು.

ಅಂಗಡಿಯ ಜೀವ ಇರುವುದು ಅದರ ಮರದ ಖಾನೆಗಳಲ್ಲಿ. ಎಡಗೋಡೆಯ ಉದ್ದಕ್ಕೂ ಊರುಗಳ ಹೆಸರಿನ ಅಕಾರಾದಿಯಲ್ಲಿ ಜೋಡಿಸಿದ ಖಾನೆಗಳಿವೆ, ಪ್ರತಿಯೊಂದರಲ್ಲಿಯೂ ಪಾರದರ್ಶಕ ಚೀಲಗಳಲ್ಲಿ ನೋಟುಗಳು ನಿಂತಿರುತ್ತವೆ, ಚೀಲದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಬೆಲೆಯಿರುತ್ತದೆ. ಬಾಗಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ; ಅದರೊಳಗಿನ ಯಾವ ನೋಟನ್ನು ಎತ್ತಿಕೊಂಡರೂ ಒಂದು ಯೂರೋ. ಐವತ್ತು ಬೇರೆ ಬೇರೆ ನೋಟುಗಳ ಮಿಶ್ರ ಲಕೋಟೆಗೆ ಇಪ್ಪತ್ತು ಯೂರೋ. ನೂರು ವರ್ಷ ಹಳೆಯ ಚಿತ್ರಮಯ ಕಾಗದವೊಂದು ಒಂದು ಐಸ್‌ಕ್ರೀಮ್ ಉಂಡೆಗಿಂತ ಕಡಿಮೆ ಬೆಲೆಗೆ ಸಿಗುತ್ತದೆ ಎಂದರೆ ಯಾರೂ ಮೊದಲಿಗೆ ನಂಬುವುದಿಲ್ಲ, ನಾನೂ ನಂಬಿರಲಿಲ್ಲ. ಅಗ್ಗಕ್ಕೆ ಕಾರಣ ಸರಳ. 1920ರಿಂದೀಚೆಗೆ ಜನರು ಈ ಚೀಟಿಗಳನ್ನು ಸಂಗ್ರಹಿಸತೊಡಗಿದ್ದನ್ನು ಕಂಡ ಊರುಗಳು ಚಲಾವಣೆಯ ಗೊಡವೆಯನ್ನೇ ಬಿಟ್ಟು, ಆಲ್ಬಮ್‌ಗೆಂದೇ ಆರು, ಎಂಟು, ಹನ್ನೆರಡರ ಸರಣಿಗಳನ್ನು ಬಣ್ಣಬಣ್ಣವಾಗಿ ಮುದ್ರಿಸಿ ಮಾರಿದವು. ಯಾರೂ ಅವುಗಳನ್ನು ಬ್ಯಾಂಕಿಗೆ ಮರಳಿಸಿ ಹಣ ಕೇಳಲಿಲ್ಲವಾದ್ದರಿಂದ ಊರಿಗೆ ಅದು ಲಾಭವೇ. 1922ರ ಜುಲೈನಲ್ಲಿ ಕಾನೂನು ಮಾಡಿ ಇದಕ್ಕೆ ತಡೆ ಹಾಕಿದರು. ಅಷ್ಟರಲ್ಲಿ ಮುದ್ರಣವಾಗಿದ್ದ ರಾಶಿಯೇ ಇಂದಿಗೂ ಒಂದು ಯೂರೋ ಪೆಟ್ಟಿಗೆಯನ್ನು ತುಂಬುತ್ತಿದೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಬೇಕಾದದ್ದು ಈ ಸರಣಿಗಳೇ, ಅದರಲ್ಲಿಯೂ ಹ್ಯಾಮೆಲ್ನ್ ಊರಿನ ನೋಟುಗಳು. ಹ್ಯಾನೋವರ್‌ನಿಂದ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯ ದೂರದ ಆ ಊರು, ಕೊಳಲೂದಿ ಇಲಿಗಳನ್ನು ಕರೆದೊಯ್ದು, ಕೂಲಿ ಸಿಗದೆ ಹೋದಾಗ 1284ರಲ್ಲಿ 130 ಮಕ್ಕಳನ್ನೂ ಕರೆದೊಯ್ದವನ ಕಥೆಯಿಂದ ಬದುಕುತ್ತಿದೆ. ಅದರ ತುರ್ತು ಹಣದ ಮೇಲೂ ಅವನೇ, ಇಲಿಗಳೇ. ಊರು ಕೂಲಿ ಕೊಡದೆ ಮೋಸಮಾಡಿದ ಕಥೆಯನ್ನು ಹಣದ ಮೇಲೆಯೇ ಅಚ್ಚು ಹಾಕಿಸಿದ ನಗರಸಭೆಯ ಧೈರ್ಯಕ್ಕೆ ನಾನು ಮೆಚ್ಚಿದ್ದೇನೆ. ಶಾಲೆಯಿಂದ ಆ ಊರಿಗೆ ಪ್ರವಾಸ ಹೋಗಿ ಬಂದ ವಾರ ಮಗಳು ತನ್ನ ಐವತ್ತು ಫೆನ್ನಿಗ್ ನೋಟನ್ನು ತರಗತಿಗೆ ಒಯ್ದಿದ್ದಳು. ಮರಳಿ ಬಂದಾಗ ಅದರ ಒಂದು ಮೂಲೆ ಮಡಿಚಿಕೊಂಡಿತ್ತು, ಹಣ್ಣಿನ ರಸದ ಸಣ್ಣ ಕಲೆಯೂ ಇತ್ತು. ಒಂದು ಯೂರೋ ನೋಟಿನ ದೊಡ್ಡ ಗುಣವೆಂದರೆ ಇದೇ: ಯಾರೂ ಯಾರನ್ನೂ ಬೈಯಬೇಕಾಗಿಲ್ಲ.

ಮಗನ ಕಥೆ ಬೇರೆ. ಅವನು ಒಂಬತ್ತನೇ ತರಗತಿ. ಇತಿಹಾಸದ ಪಾಠದಲ್ಲಿ 1923ರ ಹಣದುಬ್ಬರದ ಬಗ್ಗೆ ಹದಿನೈದು ನಿಮಿಷ ಮಾತನಾಡಬೇಕಿತ್ತು. ಪರದೆಯ ಮೇಲೆ ಚಿತ್ರ ತೋರಿಸುವ ಬದಲು ನಿಜವಾದ ನೋಟುಗಳನ್ನೇ ಕೈಯಿಂದ ಕೈಗೆ ದಾಟಿಸಬೇಕೆಂದು ಅವನಿಗೆ ಅನ್ನಿಸಿದ್ದು ಈ ಅಂಗಡಿಯಿಂದಲೇ. ಎಪ್ಪತ್ತು ದಾಟಿದ ಅಂಗಡಿಯವರು ಅವನ ವಿಷಯ ಕೇಳಿದ ಮೇಲೆ ಚಿತ್ರದ ಖಾನೆಗಳ ಕಡೆಗೆ ತಿರುಗಲೂ ಇಲ್ಲ. ಹಿಂದಿನ ಕೋಣೆಯಿಂದ ಒಂದು ತಗಡಿನ ಡಬ್ಬಿ ತಂದು, ಅದರೊಳಗಿನ ನೋಟುಗಳನ್ನು ಬೆಲೆಯ ಕ್ರಮದಲ್ಲಲ್ಲ, ತಾರೀಖಿನ ಕ್ರಮದಲ್ಲಿ ಮೇಜಿನ ಮೇಲೆ ಸಾಲಾಗಿ ಇಟ್ಟರು. 1917ರ ಹತ್ತು ಫೆನ್ನಿಗ್, 1921ರ ಐವತ್ತು ಫೆನ್ನಿಗ್, 1923ರ ಆಗಸ್ಟಿನ ಇಪ್ಪತ್ತು ಲಕ್ಷ ಮಾರ್ಕ್, ಅದೇ ವರ್ಷದ ಅಕ್ಟೋಬರಿನ ನೂರು ಕೋಟಿ. ಆಗಸ್ಟಿನ ನಂತರದವುಗಳಲ್ಲಿ ಚಿತ್ರವಿಲ್ಲ, ಅಲಂಕಾರವಿಲ್ಲ, ಹಲವಕ್ಕೆ ಹಿಂಬದಿಯೇ ಖಾಲಿ. ಎರಡನೆಯ ಬದಿ ಮುದ್ರಿಸುವಷ್ಟರಲ್ಲಿ ಮೊದಲ ಬದಿಯ ಬೆಲೆ ಹೋಗಿಬಿಡುತ್ತಿತ್ತು ಎಂದು ಅವರು ಹೇಳಿದಾಗ ಮಗ ನಕ್ಕ, ಅವರು ನಗಲಿಲ್ಲ.

ಆ ಡಬ್ಬಿಯಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ನೋಟು, ಕಟ್ಟುನಿಟ್ಟಾಗಿ ಹೇಳುವುದಾದರೆ, ತುರ್ತು ಹಣವಲ್ಲ. ಅದು ಕೇಂದ್ರ ಬ್ಯಾಂಕಿನದೇ. 1922ರ ಡಿಸೆಂಬರ್ ತಾರೀಖಿನ ಸಾವಿರ ಮಾರ್ಕಿನ ನೋಟು, ಅದರ ಮೇಲೆ ಮರುವರ್ಷ ಕೆಂಪು ಶಾಯಿಯಲ್ಲಿ ‘ಐನೆ ಮಿಲಿಯಾರ್ಡೆ ಮಾರ್ಕ್’ ಎಂದು ಮೇಲಚ್ಚು. ಅಂದರೆ ನೂರು ಕೋಟಿ. ಹೊಸ ನೋಟು ಮಾಡಲೂ ವ್ಯವಧಾನವಿಲ್ಲದೆ ಹಳೆಯದನ್ನೇ ಹತ್ತು ಲಕ್ಷ ಪಟ್ಟು ಹೆಚ್ಚಿಸಿದ ಆ ಕೆಂಪು ಸಾಲನ್ನು ಹತ್ತಿರದಿಂದ ನೋಡಿದರೆ ಅದು ತುಸು ಓರೆಯಾಗಿ ಬಿದ್ದಿರುವುದೂ, ಒಂದು ಅಕ್ಷರದ ಅಂಚಿನಲ್ಲಿ ಶಾಯಿ ಹರಡಿರುವುದೂ ಕಾಣುತ್ತದೆ. ನಾಲ್ಕು ಯೂರೋಗೆ ಅದನ್ನು ಕೊಂಡೆವು. ತರಗತಿಯಲ್ಲಿ ಎಲ್ಲರ ಕೈಯೂ ಅದರ ಮೇಲೆಯೇ ಹೆಚ್ಚು ಹೊತ್ತು ನಿಂತಿತಂತೆ.

ಭಾಷಣದ ತಯಾರಿಯಲ್ಲಿ ಅವನನ್ನು ಕಾಡಿದ್ದು ಸೊನ್ನೆಗಳ ಲೆಕ್ಕ. ಜರ್ಮನ್ನಿನ ಬಿಲಿಯೋನ್ ಎಂದರೆ ಇಂಗ್ಲಿಷಿನ ಬಿಲಿಯನ್ ಅಲ್ಲ, ಅದರ ಸಾವಿರ ಪಟ್ಟು. ಇಂಗ್ಲಿಷ್ ವಿಡಿಯೋ ನೋಡಿ ಜರ್ಮನ್ನಿನಲ್ಲಿ ಬರೆಯುತ್ತಿದ್ದ ಹುಡುಗ ಎರಡು ಸಂಜೆ ತಪ್ಪು ಲೆಕ್ಕ ಹಾಕಿದ. ಕೊನೆಗೆ ದಾರಿ ಸಿಕ್ಕಿದ್ದು ತೀರ್ಥಹಳ್ಳಿಯಿಂದ ವಿಡಿಯೋ ಕರೆಯಲ್ಲಿದ್ದ ಅಜ್ಜಿಯಿಂದ. ಹನ್ನೆರಡು ಸೊನ್ನೆ ಎಂದರೆ ಲಕ್ಷ ಕೋಟಿ ಎಂದು ಅವರು ಬೆರಳೆಣಿಸಿ ಹೇಳಿದರು, ಜರ್ಮನ್ನಿನ ಬಿಲಿಯೋನ್ ಸರಿಯಾಗಿ ಅದೇ. 1914ರಲ್ಲಿ ಒಂದು ಡಾಲರಿಗೆ 4.2 ಮಾರ್ಕ್ ಇತ್ತು, 1923ರ ನವೆಂಬರಿನಲ್ಲಿ 4.2 ಲಕ್ಷ ಕೋಟಿ ಮಾರ್ಕ್ ಆಯಿತು, ಆ ತಿಂಗಳ 15ರಂದು ಬಂದ ರೆಂಟೆನ್‌ಮಾರ್ಕ್ ಎಂಬ ಹೊಸ ಹಣದ ಒಂದಕ್ಕೆ ಹಳೆಯ ಲಕ್ಷ ಕೋಟಿ ಸಮ ಎಂದು ಮೊಮ್ಮಗ ಓದಿ ಹೇಳಿದಾಗ ಅಜ್ಜಿ, “ಹಾಗಾದರೆ ಕಡ್ಡಿಪೆಟ್ಟಿಗೆಗೆ ಎಷ್ಟು ಕೊಡ್ತಿದ್ರೋ ಮಾರಾಯ?” ಎಂದು ಕೇಳಿದರು. ಕಡ್ಡಿಪೆಟ್ಟಿಗೆಯ ಬೆಲೆ ಅವನಿಗೆ ಸಿಗಲಿಲ್ಲ. ಬರ್ಲಿನ್ನಿನಲ್ಲಿ ಒಂದು ಬ್ರೆಡ್ಡಿಗೆ ಸುಮಾರು ಇಪ್ಪತ್ತು ಸಾವಿರ ಕೋಟಿ ಮಾರ್ಕ್ ಎಂಬುದು ಸಿಕ್ಕಿತು. ತರಗತಿಯಲ್ಲಿ ಲಕ್ಷ, ಕೋಟಿಗಳ ಅಲ್ಪವಿರಾಮಗಳನ್ನು ಹಲಗೆಯ ಮೇಲೆ ಬರೆದು ತೋರಿಸಿ ಬಂದ.

ಇನ್ನು ದೂರುಗಳು. ಮೊದಲನೆಯದು ಗುಣಮಟ್ಟದ ಗುರುತಿನದು. ಜರ್ಮನ್ ವ್ಯಾಪಾರಿಗಳು ಬಳಕೆಯಾಗದ ನೋಟಿಗೆ ‘ಕಾಸೆನ್‌ಫ್ರಿಶ್’, ಅಂದರೆ ಗಲ್ಲಾಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದು ಎನ್ನುತ್ತಾರೆ. ಈ ಅಂಗಡಿಯ ಮಾಲೀಕರು ಆ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಹದಿನೆಂಟು ಯೂರೋ ಕೊಟ್ಟು ತಂದ ಒಂದು ಸರಣಿಯನ್ನು ಮನೆಯಲ್ಲಿ ಟೇಬಲ್ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದಾಗ ಆರರಲ್ಲಿ ಎರಡು ನೋಟುಗಳ ನಡುವೆ, ಇಸ್ತ್ರಿ ಹಾಕಿ ಮುಚ್ಚಿದ ಮಡಿಕೆಯ ಗೆರೆ ಸ್ಪಷ್ಟವಾಗಿ ಕಂಡಿತು. ತೊಳೆದು ಒತ್ತಿದ ಕಾಗದಕ್ಕೆ ಗರಿಗರಿ ಇರುವುದಿಲ್ಲ. ಮೂಲೆಯನ್ನು ಮೆಲ್ಲಗೆ ಬೆರಳಿನಿಂದ ತಟ್ಟಿದರೆ ಹೊಸ ನೋಟು ಸದ್ದು ಮಾಡುತ್ತದೆ, ಇದು ಒಗೆದ ಬಟ್ಟೆಯಂತೆ ಸುಮ್ಮನಿರುತ್ತದೆ. ಕೇಳಿದಾಗ ಅವರು ವಾದ ಮಾಡದೆ ಐದು ಯೂರೋ ಹಿಂದಿರುಗಿಸಿದರು. ಆದರೆ ಕೇಳುವ ತನಕ ಹೇಳಲಿಲ್ಲ ಎಂಬುದೂ ಉಳಿಯಿತು. ಅಂದಿನಿಂದ ಹತ್ತು ಯೂರೋ ಮೀರಿದ ಯಾವುದನ್ನೂ ಕಿಟಕಿಯ ಬಳಿ ಒಯ್ದು ನೋಡದೆ ನಾನು ಕೊಳ್ಳುವುದಿಲ್ಲ.

ಎರಡನೆಯ ದೂರು ಹೆಚ್ಚು ಗಂಭೀರವಾದದ್ದು, ಅದು ಆಲ್ಬಮ್‌ನದು. ಮೊದಲ ಭೇಟಿಯಲ್ಲಿಯೇ ಅವರು ನಮಗೆ ಹನ್ನೆರಡು ಯೂರೋದ ಒಂದು ದಪ್ಪ ಆಲ್ಬಮ್ ಮಾರಿದ್ದರು. ಮಗಳ ಸಂಗ್ರಹವೆಲ್ಲ ಅದರೊಳಗೆ ಹೋಯಿತು. ಒಂದು ಬೇಸಿಗೆ ಕಳೆದ ಮೇಲೆ ತೆರೆದಾಗ ಹೊಸ ಮಳೆಕೋಟಿನ ವಾಸನೆ ಮೂಗಿಗೆ ಹೊಡೆಯಿತು. ಪುಟಗಳು ಬೆರಳಿಗೆ ಅಂಟುತ್ತಿದ್ದವು, ಒಂದು ನೋಟಿನ ಹಸಿರು ಬಣ್ಣ ಪ್ಲಾಸ್ಟಿಕ್ಕಿನ ಒಳಮೈಗೆ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಅಚ್ಚಾಗಿತ್ತು. ಪುಟಗಳು ಪಿವಿಸಿಯವು. ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಕಾಲಕ್ರಮದಲ್ಲಿ ಹೊರಬಂದು ಕಾಗದವನ್ನೂ ಶಾಯಿಯನ್ನೂ ಹಾಳುಮಾಡುತ್ತದೆ ಎಂಬುದು ಈ ವ್ಯಾಪಾರದಲ್ಲಿ ಇರುವವರಿಗೆಲ್ಲ ಗೊತ್ತಿರುವ ಮಾತು. ಅವರದೇ ಖಾನೆಗಳ ಚೀಲಗಳು ಆ ತೊಂದರೆಯಿಲ್ಲದ ಪಾಲಿಯೆಸ್ಟರಿನವು! ವಿಚಾರಿಸಿದರೆ, ಆ ಆಲ್ಬಮ್ ಪೋಸ್ಟ್‌ಕಾರ್ಡ್‌ಗೆ ಎಂದು ತಾವು ಭಾವಿಸಿದ್ದಾಗಿ ಹೇಳಿ ಅರ್ಧ ಬೆಲೆ ಮರಳಿಸಿದರು. ಮಗಳ ಕೈಯಲ್ಲಿ ನೋಟುಗಳ ಲಕೋಟೆ ಇದ್ದದ್ದನ್ನು ನೋಡಿಕೊಂಡೇ ಅವರು ಅದನ್ನು ಕಟ್ಟಿಕೊಟ್ಟಿದ್ದರು. ಈ ಉತ್ತರವನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನೋಟುಗಳನ್ನು ಇಲ್ಲಿ ಕೊಳ್ಳಿ, ಆಲ್ಬಮ್ಮನ್ನು ಮಾತ್ರ ಪಿವಿಸಿ ಇಲ್ಲವೆಂದು ಸ್ಪಷ್ಟವಾಗಿ ಮುದ್ರಿಸಿರುವುದನ್ನು ಬೇರೆಲ್ಲಾದರೂ ಕೊಳ್ಳಿ. ಲ್ಯಾಮಿನೇಶನ್, ಸೆಲೋಟೇಪು, ಜೆಮ್ ಕ್ಲಿಪ್ಪುಗಳ ಸಹವಾಸವೂ ಬೇಡ.

ಗಾಜಿನ ಕಪಾಟಿನ ವಿಷಯ. ಅಲ್ಲಿ ಬೀಲೆಫೆಲ್ಡ್ ನಗರದ ಉಳಿತಾಯ ಬ್ಯಾಂಕು ರೇಷ್ಮೆ ಮತ್ತು ನಾರುಬಟ್ಟೆಯ ಮೇಲೆ ಮುದ್ರಿಸಿದ ಹಣವಿದೆ; ನೇಯ್ಗೆಯ ಊರು ತನ್ನ ಸರಕಿನಿಂದಲೇ ಹಣ ಮಾಡಿತು, ಬ್ಯಾಂಕಿನ ನಿರ್ದೇಶಕ ಪೌಲ್ ಹಾಂಕೆ ಅದರ ಹಿಂದಿದ್ದವರು. ಒಂದನ್ನು ಕೈಗವಸು ಹಾಕಿ ತೆಗೆದು ತೋರಿಸಿದರು. ಅಂಚಿನ ಲೇಸನ್ನು ನೋಡಿದ ಮಗಳು, “ಅಮ್ಮಾ, ಇದು ಕರ್ಚೀಫಲ್ವಾ?” ಎಂದಳು. ಅದರ ಬೆಲೆ ನಮ್ಮ ಎರಡು ವರ್ಷದ ಒಟ್ಟು ಖರ್ಚಿನ ಹತ್ತಿರ ಬರುತ್ತಿತ್ತು, ಆದ್ದರಿಂದ ನೋಡಿ ಸಂತೋಷಪಟ್ಟೆವು. ಮೈಸೆನ್ ಕಾರ್ಖಾನೆ ಮಾಡಿದ ಕಂದು ಪಿಂಗಾಣಿಯ ನಾಣ್ಯಗಳೂ ಅಲ್ಲಿವೆ, ಅವು ಕೈಗೆಟುಕುವ ಬೆಲೆಯವು. ನನಗೆ ನಿಜವಾಗಿಯೂ ಆಸೆ ಹುಟ್ಟಿಸಿದ್ದು ಮಾತ್ರ ಥುರಿಂಗಿಯಾ ರಾಜ್ಯ ಬ್ಯಾಂಕಿನ 1923ರ ಹತ್ತು ಲಕ್ಷದ ನೋಟು. ಅದನ್ನು ರೂಪಿಸಿದವನು ವೈಮಾರ್‌ನ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿ ಓದುತ್ತಿದ್ದ 23 ವರ್ಷದ ಹೆರ್ಬರ್ಟ್ ಬೈಯರ್. ಹೂಬಳ್ಳಿಯಿಲ್ಲ, ರಾಜಲಾಂಛನದ ಆಡಂಬರವಿಲ್ಲ, ದಪ್ಪ ಅಕ್ಷರಗಳು ಮತ್ತು ಸಂಖ್ಯೆ, ಅಷ್ಟೇ; ತರಾತುರಿಯೇ ಒಂದು ಶೈಲಿಯಾದಂತೆ ಕಾಣುತ್ತದೆ. ಇನ್ನೂ ಕೊಂಡಿಲ್ಲ.

ಶನಿವಾರ ಅಂಗಡಿ ಹತ್ತರಿಂದ ಎರಡರವರೆಗೆ ಮಾತ್ರ ತೆರೆದಿರುತ್ತದೆ, ಕಾರ್ಡ್ ನಡೆಯುವುದಿಲ್ಲ. ಸತ್ತ ಹಣವನ್ನು ಕೊಳ್ಳಲು ಜೀವಂತ ಹಣವನ್ನೇ, ಅದೂ ಚಿಲ್ಲರೆಯಾಗಿ, ಒಯ್ಯಬೇಕು. ಕಳೆದ ತಿಂಗಳು ಐವತ್ತು ಯೂರೋ ನೋಟು ಕೊಟ್ಟಾಗ ಅವರ ಬಳಿ ಬಾಕಿ ಕೊಡಲು ಮೂರು ಯೂರೋ ಕಡಿಮೆಯಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ಬಿಳಿ ಚೀಟಿಯ ಮೇಲೆ ‘ಮೂರು ಯೂರೋ’ ಎಂದು ಬರೆದು, ಸಹಿ ಹಾಕಿ, ಅಂಗಡಿಯ ಮೊಹರು ಒತ್ತಿ ಮಗಳ ಕೈಗೆ ಕೊಟ್ಟರು. ಅವಳು ಅದನ್ನು ಹ್ಯಾಮೆಲ್ನ್ ನೋಟಿನ ಪಕ್ಕದಲ್ಲಿ ಸೇರಿಸಿಟ್ಟಿದ್ದಾಳೆ, ಮರಳಿಸಿ ಹಣ ತರಲು ಒಪ್ಪುತ್ತಿಲ್ಲ.