ಹಳೇ ವಿಲ್ಲೀಸ್ ಪಿಕಪ್‌ಗೆ ಹೊಸ ಡೀಸೆಲ್ ಎಂಜಿನ್ ಹಾಕಿಸುವವರೇ, ಕೊನೆ ಕಂತು ಕೊಡುವ ಮುಂಚೆ ಗಾಡಿಯ ಕೆಳಗೆ ನುಗ್ಗಿ ನೋಡಿ

ಪುಣೆಯಲ್ಲಿ ಹಳೇ ಪಿಕಪ್ ರೀಬಿಲ್ಡ್ ಮಾಡಿಸಲು ಹೊರಟಿರುವ ಕನ್ನಡದವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಭೋಸರಿ ಕಡೆಯ ಒಂದು ಶೆಡ್. ಹೆಸರು ಹಾಕುವುದಿಲ್ಲ. ಮಾಲೀಕ ನಮ್ಮ ಉತ್ತರ ಕರ್ನಾಟಕದವನೇ. "ನಾವು ನೀವು ಒಂದ ಕಡಿಯವ್ರು ಸರ, ನಿಮಗ ಮೋಸ ಮಾಡ್ತೀವೇನ್ರಿ?" ಎನ್ನುತ್ತಲೇ ಅಡ್ವಾನ್ಸ್ ಎಣಿಸಿಕೊಂಡ.

ಮಾತಾಗಿದ್ದು ಇಷ್ಟು. ನನ್ನದು 1950ರ ದಶಕದ ವಿಲ್ಲೀಸ್ (ಅಮೆರಿಕದ ಹಳೇ ಜೀಪ್ ಕಂಪನಿ) ಫೋರ್ ವೀಲ್ ಡ್ರೈವ್ ಪಿಕಪ್. 2,199 ಸಿಸಿ ಪೆಟ್ರೋಲ್ ಎಂಜಿನ್ ಇಳಿಸಿ ಸ್ಕಾರ್ಪಿಯೋದ 2,179 ಸಿಸಿ ಎಂಹಾಕ್ ಡೀಸೆಲ್ ಎಂಜಿನ್ ಕೂರಿಸುವುದು, ಜೊತೆಗೆ ಅದರದೇ ಗೇರ್‌ಬಾಕ್ಸ್, ಮುಂದೆ ಡಿಸ್ಕ್ ಬ್ರೇಕ್, ವ್ಯಾಕ್ಯೂಮ್ ಬಲದಿಂದ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್, ಪವರ್ ಸ್ಟಿಯರಿಂಗ್. ಆರ್‌ಸಿಯಲ್ಲಿ ಎಂಜಿನ್ ಬದಲಾವಣೆ ಬರೆಸಿಕೊಡುವುದೂ ಆತನ ಹೊಣೆ. ಸಿಸಿ ಹೆಚ್ಚುಕಡಿಮೆ ಒಂದೇ, ಆದರೆ ಟಾರ್ಕ್, ಅಂದರೆ ಎಳೆಯುವ ಬಲ, ಸುಮಾರು ಎರಡು ಪಟ್ಟಾಗುತ್ತದೆ. ಅದಕ್ಕೇ ಎಂಜಿನ್ ಕೂರಿಸಿ ಸ್ಟಾರ್ಟ್ ಮಾಡುವುದು ಅರ್ಧ ಕೆಲಸವೂ ಅಲ್ಲ. ಉಳಿದದ್ದರಲ್ಲೇ ಇವರು ಮುಳುಗಿಸುವುದು.

ಬ್ರೇಕ್‌ನಿಂದಲೇ ಹೇಳುತ್ತೇನೆ. ಕಾತ್ರಜ್ ಘಾಟ್ ಇಳಿಯುವಾಗ ಪೆಡಲ್ ಕಲ್ಲು. ಎರಡೂ ಕಾಲಿಟ್ಟು ಒತ್ತಿದರೂ ಗಾಡಿ ನಿಧಾನವಾಗುತ್ತಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಎಂಜಿನ್‌ನ ಹಾಗೆ ಇನ್‌ಟೇಕ್‌ನಿಂದ ವ್ಯಾಕ್ಯೂಮ್ ಸಿಗುವುದಿಲ್ಲ, ಬೂಸ್ಟರ್‌ಗೆಂದೇ ವ್ಯಾಕ್ಯೂಮ್ ಪಂಪ್ ಬೇಕು. ಬೂಸ್ಟರ್ ಪೈಪನ್ನು ಕೈಯಲ್ಲೇ ತಡವುತ್ತ ಹೋದರೆ ಬ್ಯಾಟರಿ ಟ್ರೇ ಹಿಂದೆ ಕಪ್ಪು ಟೇಪು. ಟೇಪು ಬಿಚ್ಚಿದರೆ ಪೈಪಿನ ಬಾಯಿಗೆ ಒಂದು ಬೋಲ್ಟ್! ಬೋಲ್ಟ್ ತುರುಕಿ, ಕ್ಲಿಪ್ ಬಿಗಿದು, ಕಾಣದ ಹಾಗೆ ಟೇಪು ಸುತ್ತಿದ್ದಾರೆ. ಪೈಪು ಪಂಪಿಗೆ ಸೇರಿಯೇ ಇಲ್ಲ. ಬೂಸ್ಟರ್ ಬರೀ ತೋರಿಕೆಗೆ ಕೂತಿದೆ. ಗಾಡಿಗೆ ಪೂಜೆ ಮಾಡಿ, ನಾಲ್ಕು ಜನರ ಎದುರು ಕಾಯಿ ಒಡೆಸಿ ಕೀಲಿ ಕೈಗಿಟ್ಟಾಗಲೂ ಆ ಬೋಲ್ಟ್ ಅಲ್ಲೇ ಇತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ನಾಚಿಕೆಯೂ ಆಗುತ್ತದೆ.

ಫೋನ್ ಮಾಡಿದರೆ ಮೊದಲ ಉತ್ತರ: "ಹಳೇ ಗಾಡಿ ಸರ, ಬ್ರೇಕ್ ಸ್ವಲ್ಪ ಬಿರುಸ ಇರ್ತದ." ಬೋಲ್ಟ್‌ನ ಫೋಟೊ ಕಳಿಸಿದ ಮೇಲೆ: "ಪೈಪ್ ಸಾಲಲಿಲ್ಲ ಸರ, ಆಮ್ಯಾಲ ಹಾಕೋಣ ಅಂತ ಬಿಟ್ಟಿದ್ವಿ." ಕೊನೆಗೆ: "ಅವಸರ ನೀವ ಮಾಡಿದ್ರಿ." ಬ್ರೇಕ್ ಇಲ್ಲದ ಗಾಡಿಯನ್ನು ರಸ್ತೆಗೆ ಬಿಟ್ಟವನು ಆಡುವ ಮಾತೇ ಇದು?

ಇನ್ನು ಹಿಂದಿನ ಚಕ್ರಗಳಿಗೆ ಎಂಜಿನ್ ಬಲ ಒಯ್ಯುವ ಶಾಫ್ಟ್. ವಿಲ್ಲೀಸ್‌ನ ಹಳೇ ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಔಟ್‌ಪುಟ್ ಬಲಕ್ಕೆ ಸರಿದಿರುತ್ತದೆ, ಹಿಂದಿನ ಹೌಸಿಂಗ್‌ನ (ಹಿಂದಿನ ಆಕ್ಸಲ್) ಪಿನಿಯನ್, ಅಂದರೆ ಶಾಫ್ಟ್ ಸೇರುವ ಹಲ್ಲುಗಾಲಿ, ಕೂಡ ಬಲಕ್ಕೇ. ಹೊಸ ಗೇರ್‌ಬಾಕ್ಸ್‌ನ ಔಟ್‌ಪುಟ್ ನಡುವೆ ಬರುತ್ತದೆ. ಹೌಸಿಂಗ್ ಬದಲಿಸದೆ ಶಾಫ್ಟನ್ನು ಓರೆಯಾಗಿ ಜೋಡಿಸಿದ್ದಾರೆ. ಮೇಲೆ ಕೆಳಗೆ ಒಂದು ಕೋನ, ಪಕ್ಕಕ್ಕೆ ಇನ್ನೊಂದು ಕೋನ. ಶಾಫ್ಟಿನ ಎರಡೂ ತುದಿಯ ಕ್ರಾಸ್‌ಗಳ (ಬಾಗುವ ಜಾಯಿಂಟ್) ಕೋನ ಸಮ ಇರದಿದ್ದರೆ ಗಾಡಿ ನಡುಗುತ್ತದೆ, ಕ್ರಾಸ್ ಬೇಗ ಸವೆಯುತ್ತದೆ. ಇದು 50 ದಾಟುತ್ತಿದ್ದಂತೆ ನಡುಗುತ್ತದೆ. ಹೌಸಿಂಗ್ ಹಳೆಯದೇ ಆದ್ದರಿಂದ ಕ್ರೌನ್ ಪಿನಿಯನ್ ಅನುಪಾತ ಕೂಡ ಹಳೇ 5.38, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 5.38 ಸುತ್ತು. 7.00-16 ಟೈರಿನಲ್ಲಿ, ನಾಲ್ಕನೇ ಗೇರ್‌ನಲ್ಲಿ 80ರ ವೇಗಕ್ಕೆ ಎಂಜಿನ್ 3,000 ಆರ್‌ಪಿಎಂ ಹತ್ತಿರ ಅರಚುತ್ತದೆ. ಕೇಳಿದರೆ, "ಐದನೇ ಗೇರ್ ಐತಲ್ಲ ಸರ."

ಟ್ಯಾಂಕ್ ಹಳೇ ಪೆಟ್ರೋಲ್ ಟ್ಯಾಂಕೇ, ಒಳಗೆಲ್ಲ ತುಕ್ಕು. ಎಂಹಾಕ್‌ನಂಥ ಕಾಮನ್ ರೈಲ್ ಎಂಜಿನ್‌ಗೆ (ಒಂದೇ ರೈಲ್ ಪೈಪಿನಿಂದ ಭಾರೀ ಒತ್ತಡದಲ್ಲಿ ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಹೋಗುವಂಥದ್ದು) ಮಿಕ್ಕ ಡೀಸೆಲ್ ಟ್ಯಾಂಕಿಗೆ ಮರಳುವ ರಿಟರ್ನ್ ಲೈನ್ ಬೇಕೇ ಬೇಕು. ಇವರು ಟ್ಯಾಂಕಿಗೆ ಎರಡನೇ ತೂತು ಕೊರೆಯುವ ಶ್ರಮವನ್ನೂ ಪಡದೆ, ರಿಟರ್ನನ್ನು ಫಿಲ್ಟರ್‌ಗೆ ಹೋಗುವ ಪೈಪಿಗೇ ಟೀ ಹಾಕಿ ಸೇರಿಸಿದ್ದಾರೆ. ಬಿಸಿಯಾದ ಡೀಸೆಲ್ ತಣಿಯದೆ ಅಲ್ಲೇ ಸುತ್ತುತ್ತದೆ. ತುಕ್ಕಿನಿಂದ ಫಿಲ್ಟರ್ ಕಟ್ಟಿಕೊಂಡು ರೈಲ್ ಪ್ರೆಶರ್ ಬಿದ್ದು, ಏರಿನಲ್ಲಿ ಎಂಜಿನ್ ಲೈಟ್ ಹತ್ತಿ ಗಾಡಿ ಎಳೆಯುವುದನ್ನೇ ಬಿಡುತ್ತದೆ. ತುಕ್ಕಿನ ಪುಡಿ ಇಂಜೆಕ್ಟರ್ ತಲುಪಿದರೆ ಖರ್ಚು ಕೇಳಬೇಡಿ.

ಕಾಗದದ ಕತೆ ಇನ್ನೂ ಕೆಟ್ಟದ್ದು. "50 ವರ್ಷ ದಾಟೇತಿ, ವಿಂಟೇಜ್ ನಂಬರ್ ಆಗ್ತದ ಸರ, 20 ಸಾವಿರ ಫೀ ಕಟ್ಟಿದ್ರ ಆತು." ಶುದ್ಧ ಸುಳ್ಳು! 2021ರ ವಿಂಟೇಜ್ ನಿಯಮ ಇರುವುದು ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ. ಚಾಸಿ, ಬಾಡಿ, ಎಂಜಿನ್ ಹೀಗೆ ಬದಲಿಸಿದ್ದಕ್ಕೆ ಅಲ್ಲ. ಸಿಕ್ಕರೂ ಆ ನಂಬರಿನಲ್ಲಿ ದಿನನಿತ್ಯ ಓಡಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಎಂಜಿನ್ ನಂಬರ್, ಇಂಧನ ಎರಡೂ ಆರ್‌ಸಿಯಲ್ಲಿ ತಿದ್ದಿಸಲೇಬೇಕು. ಅದಕ್ಕೆ ಎಂಜಿನ್ ಬಿಲ್ ಕೇಳಿದರೆ ಕೊಟ್ಟದ್ದು ಒಂದು ಚೀಟಿ: "ಎಂಜಿನ್, 1 ನಗ" (ಒಂದು ಪೀಸ್). ನಂಬರ್ ಇಲ್ಲ, ಜಿಎಸ್‌ಟಿ ಇಲ್ಲ, ಯಾವ ಗಾಡಿಯಿಂದ ಇಳಿಸಿದ್ದು ಅನ್ನುವುದೂ ಇಲ್ಲ. "ಏಜೆಂಟ್ ನೋಡ್ಕೋತಾನ." ಯಾವ ಏಜೆಂಟ್? ಈಗ ಅವನೂ ಫೋನ್ ಎತ್ತುವುದಿಲ್ಲ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದು ಒಳಗೆ ಡೀಸೆಲ್ ಇದ್ದರೆ ಅಪಘಾತವಾದ ದಿನ ಇನ್ಶೂರೆನ್ಸ್‌ನವರು ಕೈ ಎತ್ತಲು ಅಷ್ಟೇ ಸಾಕು.

ಎಂಜಿನ್ ನಂಬರ್ ಬರೆದ ಬಿಲ್, ಅದು ಇಳಿದ ಗಾಡಿಯ ಕಾಗದದ ನಕಲು ಕೈಗೆ ಬಾರದೆ ಎಂಜಿನ್ ದುಡ್ಡು ಕೊಡಬೇಡಿ. ಚಾಸಿಗೆ ಅಂಡರ್‌ಕೋಟ್ ಹೊಡೆಯುವ ಮುಂಚೆಯೇ ಹೋಗಿ ವೆಲ್ಡಿಂಗ್ ನೋಡಿ. ಡೆಲಿವರಿಗೆ ಮುಂಚೆ ಬೇರೆ ಗ್ಯಾರೇಜಿನ ಲಿಫ್ಟ್ ಮೇಲೆ ಹತ್ತಿಸಿ. ಬೇಡ ಅಂದರೆ ಅಲ್ಲೇ ಏನೋ ಇದೆ ಅಂತಲೇ ಅರ್ಥ. ಬೂಸ್ಟರ್ ಪರೀಕ್ಷೆಗೆ ಮೆಕ್ಯಾನಿಕ್ ಕೂಡ ಬೇಡ: ಎಂಜಿನ್ ಆಫ್ ಇರುವಾಗ ಪೆಡಲ್ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿ ಶೆಡ್ಡಿನಿಂದ ಹೊರಗೆ ತೆಗೆಯಬೇಡಿ.

ಆ ಶೆಡ್ಡಿನಲ್ಲಿ ಇನ್ನೂ ಎರಡು ಪಿಕಪ್ ಬಾಡಿ ಬಿಚ್ಚಿ ನಿಂತಿವೆ. ಅವು ನಿಮ್ಮದಾಗಿದ್ದರೆ ಇವತ್ತೇ ಹೋಗಿ ನೋಡಿ.