ತೋಳಪಟ್ಟಿ, ಮಣಿಕಟ್ಟಿನ ಯಂತ್ರ, ವಾಚು, ಫೋನ್ ಆ್ಯಪ್: ಮನೆಯಲ್ಲಿ ಬಿಪಿ ನೋಡಲು ಯಾವುದಾಗುತ್ತದೆ?

ಈ ನಾಲ್ಕನ್ನೂ ಹೋಲಿಸುವ ಕ್ರಮ ಸರಳ. ಒಬ್ಬರೇ ವ್ಯಕ್ತಿ, ಒಂದೇ ಕುರ್ಚಿ, ಒಂದೇ ಕೈ. ಮೊದಲು ತೋಳಿಗೆ ಕಟ್ಟುವ ಯಂತ್ರದಲ್ಲಿ ನೋಡಬೇಕು. ಆಮೇಲೆ ಒಂದೊಂದು ನಿಮಿಷ ಬಿಟ್ಟು ಮಣಿಕಟ್ಟಿನದು, ವಾಚು, ಫೋನಿನ ಆ್ಯಪ್, ಕೊನೆಗೆ ಮತ್ತೆ ತೋಳಿನದು. ತೋಳಿನ ಮೊದಲ ಮತ್ತು ಕೊನೆಯ ಅಂಕಿಗಳ ನಡುವಿನ ಏರುಪೇರು ಹೆಚ್ಚಾಗಿ ದೇಹದ್ದು. ಅದನ್ನೂ ಮೀರಿ ದಿನವೂ ಒಂದೇ ದಿಕ್ಕಿಗೆ ವಾಲುವ ತಪ್ಪು ಯಂತ್ರದ್ದು, ಇಲ್ಲವೇ ಕೂತ ಭಂಗಿಯದ್ದು.

ಮೊದಲಿಗೆ ಫೋನ್ ಆ್ಯಪ್, ಏಕೆಂದರೆ ಅದರ ವಿಷಯ ಬೇಗ ಮುಗಿಯುತ್ತದೆ. ಕ್ಯಾಮೆರಾ ಮತ್ತು ಫ್ಲ್ಯಾಶ್ ಮೇಲೆ ಬೆರಳಿಟ್ಟರೆ ನಾಡಿಬಡಿತ ಚೆನ್ನಾಗಿಯೇ ಸಿಗುತ್ತದೆ. ಪ್ರತಿ ಬಡಿತಕ್ಕೂ ಬೆರಳಿನಲ್ಲಿ ರಕ್ತ ಹೆಚ್ಚು ಕಡಿಮೆಯಾಗುವುದನ್ನು ಬೆಳಕಿನಲ್ಲೇ ಎಣಿಸಬಹುದು. ಆದರೆ ಒತ್ತಡ ಅಳೆಯಲು ಏನನ್ನಾದರೂ ಒತ್ತಿ ನೋಡಬೇಕು; ಇಲ್ಲಿ ಒತ್ತುವುದೇನೂ ಇಲ್ಲ, ಅಂಕಿ ಬರುವುದು ಅಂದಾಜಿನಿಂದ. ಅಮೆರಿಕದಲ್ಲಿ ಭಾರಿ ಮಾರಾಟವಾಗಿದ್ದ ‘ಇನ್‌ಸ್ಟಂಟ್ ಬ್ಲಡ್ ಪ್ರೆಶರ್’ ಎಂಬ ಆ್ಯಪನ್ನು 2016ರಲ್ಲಿ ಸಂಶೋಧಕರು ಪರೀಕ್ಷಿಸಿದಾಗ, ಬಿಪಿ ಹೆಚ್ಚಿದ್ದ ಐವರಲ್ಲಿ ಸುಮಾರು ನಾಲ್ವರಿಗೆ ‘ಸರಿಯಿದೆ’ ಎಂದಿತ್ತು. ನಾಡಿ ಎಣಿಸಲು ಆ್ಯಪ್ ಇಟ್ಟುಕೊಳ್ಳಿ, ಬಿಪಿಗೆ ಬೇಡ.

ಮಣಿಕಟ್ಟಿನ ಯಂತ್ರದಲ್ಲಿ ಗಾಳಿ ತುಂಬುವ ಪಟ್ಟಿ ಇದೆ, ಹಾಗಾಗಿ ಅಳತೆ ನಿಜವಾದದ್ದೇ. ತೊಂದರೆ ಇರುವುದು ಎತ್ತರದಲ್ಲಿ. ಪಟ್ಟಿ ಎದೆಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕಿ ಸುಮಾರು 7-8ರಷ್ಟು ಏರುತ್ತದೆ, ಮೇಲಿದ್ದರೆ ಅಷ್ಟೇ ಇಳಿಯುತ್ತದೆ. ಕೈಯನ್ನು ತೊಡೆಯ ಮೇಲಿಟ್ಟು ಒಮ್ಮೆ, ಮೇಜಿನ ಮೇಲೆ ದಿಂಬಿಟ್ಟು ಎದೆಮಟ್ಟಕ್ಕೆ ತಂದು ಒಮ್ಮೆ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮಣಿಕಟ್ಟನ್ನು ಮಡಚಿದರೂ ಅಂಕಿ ಕೆಡುತ್ತದೆ. ತೋಳು ತೀರಾ ದಪ್ಪವಿದ್ದು ಯಾವ ಪಟ್ಟಿಯೂ ಕೂರದವರಿಗೆ ಇದು ಸರಿ. ಉಳಿದವರಿಗೆ ಇದು ಚಿಕ್ಕದು, ಹಗುರ ಅನ್ನುವುದಷ್ಟೇ ಲಾಭ.

ವಾಚುಗಳಲ್ಲಿ ಎರಡು ಜಾತಿ ಇವೆ. ಅಗ್ಗದವು ಯಾವ ಹೊಂದಾಣಿಕೆಯನ್ನೂ ಕೇಳದೆ ನೇರವಾಗಿ 118/76 ಎಂದು ತೋರಿಸಿಬಿಡುತ್ತವೆ. ಅನುಮಾನವಿದ್ದರೆ ಸುತ್ತಿದ ಟವೆಲಿಗೋ ಬಾಳೆಕಾಯಿಗೋ ಕಟ್ಟಿ ನೋಡಿ. ಅದಕ್ಕೂ ಬಿಪಿ ಹೇಳುವ ವಾಚುಗಳಿವೆ. ಎರಡನೆಯ ಜಾತಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚಿನಂಥದ್ದು. ತೋಳಪಟ್ಟಿಯಲ್ಲಿ ಮೂರು ಸಲ ನೋಡಿದ ಅಂಕಿಗಳನ್ನು ಅದಕ್ಕೆ ಕೊಡಬೇಕು, 28 ದಿನಕ್ಕೊಮ್ಮೆ ಮತ್ತೆ ಕೊಡಬೇಕು. ಅಂದರೆ ವಾಚ್ ಕೊಂಡರೂ ತೋಳಿನ ಯಂತ್ರ ಬೇಕೇ ಬೇಕು. ಅದಕ್ಕಿಂತ ದೊಡ್ಡ ಕುಂದು, ವಾಚಿನ ಅಂಕಿ ನಾವು ಕೊಟ್ಟ ಅಂಕಿಯ ಸುತ್ತಲೇ ಸುತ್ತುತ್ತದೆ. ಡಾಕ್ಟರು ಮಾತ್ರೆ ಬದಲಿಸಿ ಒತ್ತಡ ನಿಜವಾಗಿ ಇಳಿದಾಗಲೂ ಹಳೆಯ ಅಂಕಿಯ ಹತ್ತಿರವೇ ಉಳಿಯಬಹುದು. ಆ್ಯಪಲ್ 2025ರಲ್ಲಿ ಬೇರೆ ದಾರಿ ಹಿಡಿಯಿತು: ಅಂಕಿಯನ್ನೇ ಕೊಡದೆ, 30 ದಿನಗಳ ಮಾಹಿತಿ ನೋಡಿ ‘ಬಿಪಿ ಇರಬಹುದು’ ಎಂದಷ್ಟೇ ಎಚ್ಚರಿಸುತ್ತದೆ. ಇದು ಪ್ರಾಮಾಣಿಕ ದಾರಿ. ಆದರೆ ಎಚ್ಚರಿಕೆ ಬರಲಿಲ್ಲ ಎಂದ ಮಾತ್ರಕ್ಕೆ ಬಿಪಿ ಇಲ್ಲ ಎಂದಲ್ಲ.

ವಾಚು ಗೆಲ್ಲುವ ಜಾಗವೂ ಒಂದಿದೆ: ತಾಳ ತಪ್ಪಿದ ಹೃದಯಬಡಿತ. ಇಸಿಜಿ ಇರುವ ವಾಚಿನ ಗುಂಡಿಯ ಮೇಲೆ 30 ಸೆಕೆಂಡು ಬೆರಳಿಟ್ಟರೆ ಡಾಕ್ಟರಿಗೆ ತೋರಿಸುವಂಥ ಗೆರೆ ಸಿಗುತ್ತದೆ. ತೋಳಿನ ಯಂತ್ರ ಒಂದು ಚಿಹ್ನೆ ತೋರಿಸಿ ಸುಮ್ಮನಾಗುತ್ತದೆ. ಬಡಿತದ ತಾಳ ತಪ್ಪಿದವರಲ್ಲಿ ಅದರ ಅಂಕಿಯೂ ಸಲಕ್ಕೊಂದರಂತೆ ಬರುತ್ತದೆ. ಅಂಥವರು ಮೂರು ಸಲ ನೋಡಿ ಸರಾಸರಿ ತೆಗೆಯಬೇಕು.

ಹಾಗಾಗಿ ಬಿಪಿಗೆ ಉಳಿಯುವುದು ತೋಳಪಟ್ಟಿ. ಕೊಳ್ಳುವ ಮೊದಲು ಟೇಪಿನಿಂದ ತೋಳಿನ ಮಧ್ಯಭಾಗದ ಸುತ್ತಳತೆ ನೋಡಿ. ಜೊತೆಗೆ ಬರುವ ಪಟ್ಟಿ ಹಲವು ಮಾದರಿಗಳಲ್ಲಿ 22-32 ಸೆಂ.ಮೀ.ನದು. ತೋಳು 35 ಇದ್ದರೆ ಅದೇ ಪಟ್ಟಿ ಬಿಪಿಯನ್ನು ಹೆಚ್ಚಾಗಿ ತೋರಿಸುತ್ತದೆ; ಸಡಿಲವಾದ ದೊಡ್ಡ ಪಟ್ಟಿ ಕಡಿಮೆ ತೋರಿಸುತ್ತದೆ. ನಿಖರತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಿಪಿ ಯಂತ್ರಗಳ ಹೆಸರುಗಳನ್ನು ‘ಸ್ಟ್ರೈಡ್ ಬಿಪಿ’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ತನ್ನ ಜಾಲತಾಣದಲ್ಲಿ ಕೊಡುತ್ತದೆ; ನಿಮ್ಮ ಮಾದರಿಯ ಸಂಖ್ಯೆ ಅಲ್ಲಿ ಇದೆಯೇ ಎಂದೂ ನೋಡಿ. ಕಂಪನಿ ಹೆಸರು ಸಾಲದು, ಸಂಖ್ಯೆಯೇ ಹೊಂದಬೇಕು.

ಕಟ್ಟುವಾಗ ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ಬ್ಲೌಸಿನ ಬಿಗಿ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ಇನ್ನೊಂದು ಪಟ್ಟಿಯಾಗಿ ಹಿಂಡುತ್ತದೆ. ಸಡಿಲ ಬಟ್ಟೆ ಹಾಕಿ ತೋಳನ್ನು ಹೊರಗೆ ತೆಗೆಯುವುದೇ ಮೇಲು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಬೇಡ. ಕುರ್ಚಿಯಲ್ಲಿ ಬೆನ್ನು ಒರಗಿಸಿ, ಪಾದ ಊರಿ, ಐದು ನಿಮಿಷ ಸುಮ್ಮನೆ ಕೂರಬೇಕು. ಮೂತ್ರ ಕಟ್ಟಿಕೊಂಡಿರಬಾರದು. ಬೆಳಗಿನ ಕಾಫಿ ಮತ್ತು ಬಿಪಿ ಮಾತ್ರೆಗೆ ಮುಂಚೆ ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ. ಏಳು ದಿನ ಹೀಗೆ ನೋಡಿ, ಮೊದಲ ದಿನದ್ದು ಬಿಟ್ಟು, ಉಳಿದ 24 ಅಂಕಿಗಳ ಸರಾಸರಿ ತೆಗೆಯಿರಿ. ಮನೆಯ ಅಳತೆಯಲ್ಲಿ ಸಾಮಾನ್ಯವಾಗಿ ಗಡಿ 135/85. ಅಳೆಯುವಾಗ ಮಾತಾಡಬೇಡಿ, ‘ಎಷ್ಟು ಬಂತು?’ ಎಂದು ಪಕ್ಕದವರು ಕೇಳಿದರೂ.

ಬ್ಲೂಟೂತ್‌ಗೆ ಹೆಚ್ಚು ದುಡ್ಡು ಕೊಡಬೇಕೇ? ಕೊಡಬಹುದು. ಕೈಯಲ್ಲಿ ಬರೆಯುವವರು 138ನ್ನು 130 ಮಾಡುತ್ತಾರೆ, ಜಾಸ್ತಿ ಬಂದದ್ದನ್ನು ಬರೆಯದೆ ಬಿಡುತ್ತಾರೆ; ಫೋನಿಗೆ ಆ ದಾಕ್ಷಿಣ್ಯ ಇಲ್ಲ. ಆದರೆ ಜೋಡಿಸುವುದು ಆ್ಯಪಿನ ಒಳಗಿಂದ, ಫೋನಿನ ಬ್ಲೂಟೂತ್ ಪಟ್ಟಿಯಿಂದಲ್ಲ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಲೊಕೇಶನ್ ಆನ್ ಇರದಿದ್ದರೆ ಯಂತ್ರ ಕಾಣಿಸುವುದೇ ಇಲ್ಲ. ಬ್ಯಾಟರಿ ಬದಲಿಸಿದ ಮೇಲೆ ಗಡಿಯಾರ ತಪ್ಪಿ, ಇವತ್ತಿನ ಅಂಕಿ ಹಳೆಯ ತಾರೀಖಿಗೆ ಸೇರಬಹುದು. ಮೊದಲು ಸಮಯ ಸರಿಪಡಿಸಿ. ಗಂಡ ಹೆಂಡತಿ ಒಂದೇ ಯಂತ್ರ ಬಳಸುವುದಾದರೆ ಇಬ್ಬರ ಖಾತೆ ಬೇರೆ ಮಾಡುವ ಗುಂಡಿ ಇರುವ ಮಾದರಿ ತೆಗೆದುಕೊಳ್ಳಿ. ಗುಂಡಿ ಒತ್ತುವುದು ಮರೆತರೆ ಯಜಮಾನರ 160 ಯಜಮಾನತಿಯ ಗ್ರಾಫಿಗೆ ಹೋಗಿ ಕೂರುತ್ತದೆ, ಮಾತ್ರೆಯೂ ಅವರಿಗೇ ಹೆಚ್ಚಾಗುತ್ತದೆ.